ಅಜ್ಜಿಯ ಸರದಿ ಬರೋಕೆ 219 ವರ್ಷ

1802ರ ಜೂನ್ 14ರಂದು ಮುಂಬೈಯಲ್ಲಿ ಆನಾ ಡಸ್ಟ್‌ಹಾಲ್ ಎಂಬ ಹುಡುಗಿಯ ತೋಳಿಗೆ ಸಿಡುಬಿನ ಲಸಿಕೆ ಹಾಕಿದರು. ಭಾರತದಲ್ಲಿ ಲಸಿಕೆ ಪಡೆದ ಮೊದಲ ವ್ಯಕ್ತಿ ಅಂತ ದಾಖಲೆಗಳಲ್ಲಿ ಇರೋದು ಅವಳ ಹೆಸರೇ. ಆಗ ಅವಳಿಗೆ ಮೂರು ವರ್ಷ. 2020ರ ಡಿಸೆಂಬರ್ 8ರಂದು ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಮಾರ್ಗರೆಟ್ ಕೀನನ್ ಎಂಬ ಅಜ್ಜಿ ಫೈಜರ್ ಕಂಪನಿಯ ಕೋವಿಡ್ ಲಸಿಕೆ ಹಾಕಿಸಿಕೊಂಡರು. ಪ್ರಯೋಗಗಳ ಹೊರಗೆ ಆ ಲಸಿಕೆ ಪಡೆದವರಲ್ಲಿ ಜಗತ್ತಿಗೇ ಮೊದಲಿಗರು ಅವರು. ಅವರಿಗೆ 90 ವರ್ಷ.

ಇನ್ನೂರು ಚಿಲ್ಲರೆ ವರ್ಷಗಳಲ್ಲಿ ಲಸಿಕೆಯ ಸಾಲಿನ ಮುಂದೆ ನಿಲ್ಲೋರ ವಯಸ್ಸು ಹೀಗೆ ಮೂರರಿಂದ ತೊಂಬತ್ತಕ್ಕೆ ಜಿಗಿಯಿತು. ನಮ್ಮ ದೇಶದಲ್ಲಿ 2021ರ ಜನವರಿ 16ಕ್ಕೆ ಆರೋಗ್ಯ ಸಿಬ್ಬಂದಿಯಿಂದ ಶುರುವಾದ ಕೋವಿಡ್ ಲಸಿಕೆ, ಸಾಮಾನ್ಯ ಜನರ ಸರದಿ ಬಂದಾಗ, ಅಂದರೆ ಮಾರ್ಚ್ 1ಕ್ಕೆ, ಮೊದಲು ಕರೆದದ್ದು 60 ದಾಟಿದವರನ್ನು. ಜೊತೆಗೆ 45 ದಾಟಿ ಬೇರೆ ಕಾಯಿಲೆ ಇದ್ದವರನ್ನು. ಸರ್ಕಾರದ ಲಸಿಕೆ ವ್ಯವಸ್ಥೆ "ಅಜ್ಜಿ, ಮೊದಲು ನೀವು ಬನ್ನಿ" ಅಂತ ದೇಶದ ಉದ್ದಗಲಕ್ಕೂ ಕರೆದದ್ದು ಅದೇ ಮೊದಲು.

ಆ ಕರೆ ರಾಯಚೂರು ಜಿಲ್ಲೆಯ ಪಾಮನಕಲ್ಲೂರಿನಂಥ ಊರನ್ನು ತಲುಪೋದು ಯಾಕೆ ಅಷ್ಟು ಕಷ್ಟ ಆಯ್ತು? ಜನಕ್ಕೆ ತಿಳುವಳಿಕೆ ಇಲ್ಲ, ಹಳ್ಳಿಯವರು ಹೆದರುತ್ತಾರೆ ಅನ್ನೋದು ನಮ್ಮ ಆಫೀಸಿನ ಕ್ಯಾಂಟೀನುಗಳಲ್ಲಿ ಸಿಗುವ ಸುಲಭದ ಉತ್ತರ. ಇತಿಹಾಸ ನೋಡಿದರೆ ಬೇರೆ ಉತ್ತರ ಸಿಗುತ್ತೆ. ಎರಡು ಶತಮಾನ ನಮ್ಮ ಲಸಿಕೆ ವ್ಯವಸ್ಥೆ ಕಲಿತದ್ದು ಕೂಸುಗಳನ್ನು ಹುಡುಕೋದನ್ನು. ಮುದುಕರನ್ನು ಹುಡುಕೋದು ಅದಕ್ಕೆ ಗೊತ್ತೇ ಇರಲಿಲ್ಲ.

* * *

ಉತ್ತರ ಕರ್ನಾಟಕದ ಹಿರಿಯರಿಗೆ ಸಿಡುಬಿನ ಲಸಿಕೆ ಅಂದರೆ "ದೇವಿ ಹಾಕೋದು". ಸಿಡುಬು ದೇವಿಯಾಗಿದ್ದರಿಂದ, ಅದನ್ನು ತಡೆಯುವ ಮದ್ದಿಗೂ ದೇವಿಯ ಹೆಸರೇ ಬಂತು. ಮೊದಮೊದಲು ಈ ಲಸಿಕೆ ಬಾಟಲಿಯಲ್ಲಿ ಬರುತ್ತಿರಲಿಲ್ಲ, ತೋಳಿಂದ ತೋಳಿಗೆ ಸಾಗುತ್ತಿತ್ತು. ಒಂದು ಮಗುವಿಗೆ ಹಾಕಿದ ಲಸಿಕೆಯ ಗುಳ್ಳೆಯಿಂದ ಕೀವು ತೆಗೆದು ಮುಂದಿನ ಮಗುವಿಗೆ ಹಾಕುವುದು. ಆನಾಳ ತೋಳಿನಿಂದಲೂ ಹೀಗೇ ಬೇರೆ ಮಕ್ಕಳಿಗೆ ಹೋಯಿತು. ಅಂದರೆ ಮಕ್ಕಳು ಲಸಿಕೆ ಪಡೆಯುವವರೂ ಹೌದು, ಅದನ್ನು ಸಾಗಿಸುವವರೂ ಹೌದು.

ಅದು ಮೈಸೂರಿನ ಅರಮನೆಗೂ ಬಂತು. ಥಾಮಸ್ ಹಿಕಿ ಎಂಬ ಕಲಾವಿದ 1805ರ ಸುಮಾರಿಗೆ ಬರೆದ ಒಂದು ಚಿತ್ರದಲ್ಲಿ ಮೂವರು ರಾಜವಂಶದ ಹೆಂಗಸರಿದ್ದಾರೆ. ಇತಿಹಾಸಕಾರ ನೈಜಲ್ ಚಾನ್ಸೆಲರ್ ಅವರ ಪ್ರಕಾರ, ಬಲಕ್ಕೆ ನಿಂತವಳು ಮುಮ್ಮಡಿ ಕೃಷ್ಣರಾಜ ಒಡೆಯರ ಕಿರಿಯ ರಾಣಿ ದೇವಾಜಮ್ಮಣ್ಣಿ. ಸೆರಗು ಸರಿಸಿ ಲಸಿಕೆ ಹಾಕಿಸಿಕೊಂಡ ತೋಳನ್ನು ತೋರಿಸುತ್ತಿದ್ದಾಳೆ. ಎಡಕ್ಕಿರುವುದು ಅದೇ ಹೆಸರಿನ ಹಿರಿಯ ರಾಣಿ. ಅವಳ ಮೂಗು-ಬಾಯಿಯ ಸುತ್ತ ಬಣ್ಣ ಮಾಸಿದೆ, ಅದು ಸಿಡುಬಿನ ಹಕ್ಕಳೆಯ ಪುಡಿಯನ್ನು ಮೂಗಿಗೆ ಏರಿಸುತ್ತಿದ್ದ ಹಳೇ ಪದ್ಧತಿಯ ಗುರುತು ಇರಬಹುದು. ನಡುವೆ ನಿಂತಿರುವವರು ರಾಜನ ಅಜ್ಜಿ ಲಕ್ಷ್ಮಮ್ಮಣ್ಣಿ.

ಈ ಚಿತ್ರದ ಬಗ್ಗೆ ಬರೆದವರೆಲ್ಲ ಸಾಮಾನ್ಯವಾಗಿ ಕಿರಿಯ ರಾಣಿಯ ತೋಳನ್ನೇ ನೋಡ್ತಾರೆ. ನನಗೆ ಮುಖ್ಯ ಅನ್ಸೋದು ನಡುವಿನ ಅಜ್ಜಿ. ಅವರು ಲಸಿಕೆ ಪಡೆಯುತ್ತಿಲ್ಲ, ಮನೆಯ ಹಿರಿಯರಾಗಿ ಪಕ್ಕದಲ್ಲಿ ನಿಂತಿದ್ದಾರೆ. ಅವರು ಬೇಡ ಅಂದಿದ್ದರೆ ಅರಮನೆಯೊಳಗೆ ಸೂಜಿ ಹೋಗುತ್ತಿತ್ತೇ? ಮುಂದಿನ ಇನ್ನೂರು ವರ್ಷ ನಮ್ಮ ಅಜ್ಜಿಯರಿಗೆ ಸಿಕ್ಕ ಪಾತ್ರ ಇದೇ. ಕೂಸನ್ನು ತೊಡೆ ಮೇಲೆ ಕೂರಿಸಿಕೊಳ್ಳೋದು, ಕೈಕಾಲು ಹಿಡಿಯೋದು, ರಾತ್ರಿ ಜ್ವರ ಬಂದರೆ ಸೊಸೆಯನ್ನೂ ನರ್ಸಮ್ಮನನ್ನೂ ಸೇರಿಸಿ ಬೈಯೋದು, ಆಮೇಲೆ ಮುಂದಿನ ತಿಂಗಳು ತಾವೇ ಕರಕೊಂಡು ಹೋಗೋದು. ಲಸಿಕೆಗೆ ಮನೆ ಬಾಗಿಲು ತೆರೆಯೋರು, ಮುಚ್ಚೋರು ಅವರೇ.

* * *

ದೊಡ್ಡವರಿಗೆ ಸಾಮೂಹಿಕವಾಗಿ ಸೂಜಿ ಹಾಕಿದ ಹಳೇ ಉದಾಹರಣೆ ಬೇಕಂದ್ರೆ ಹುಬ್ಬಳ್ಳಿಗೆ ಹೋಗಬೇಕು. 1896ರಲ್ಲಿ ಮುಂಬೈಗೆ ಪ್ಲೇಗ್ ಬಂತು. ವಾಲ್ಡೆಮಾರ್ ಹಾಫ್‌ಕಿನ್ ಅಲ್ಲೇ ಪ್ಲೇಗಿನ ಲಸಿಕೆ ತಯಾರಿಸಿ, 1897ರ ಜನವರಿ 10ರಂದು ಮೊದಲು ತನ್ನ ಮೈಗೇ ಚುಚ್ಚಿಕೊಂಡ. ಅದೇ ವರ್ಷ ಬಂದ ಸಾಂಕ್ರಾಮಿಕ ರೋಗಗಳ ಕಾಯ್ದೆ ಅಧಿಕಾರಿಗಳಿಗೆ ಮನೆ ಹೊಕ್ಕು ಶೋಧಿಸುವ, ರೋಗಿಗಳನ್ನು ಎತ್ತಿಕೊಂಡು ಹೋಗುವ ಅಧಿಕಾರ ಕೊಟ್ಟಿತು. 2020ರಲ್ಲಿ ಕೋವಿಡ್‌ಗೆಂದು ಸರ್ಕಾರಗಳು ಮತ್ತೆ ತೆಗೆದದ್ದು ಇದೇ ಕಾಯ್ದೆಯನ್ನು.

1898ರಲ್ಲಿ ಹುಬ್ಬಳ್ಳಿಯಲ್ಲಿ ಪ್ಲೇಗ್ ಹಬ್ಬಿದಾಗ ಲ್ಯೂಮನ್ ಎಂಬ ವೈದ್ಯ ಕೆಲವೇ ತಿಂಗಳಲ್ಲಿ ಸುಮಾರು 38,000 ಜನಕ್ಕೆ ಸೂಜಿ ಹಾಕಿದ. ಆಗ ಊರಿನ ಜನಸಂಖ್ಯೆಯೇ 50,000ದ ಆಸುಪಾಸು. ಮೊಬೈಲ್ ಇಲ್ಲದ, ಫ್ರಿಜ್ ಇಲ್ಲದ ಕಾಲದಲ್ಲಿ ಇದು ಹೇಗಾಯ್ತು? ಸಾವು ಕಣ್ಣೆದುರೇ ಇತ್ತು, ಹಾಕಿಸಿಕೊಂಡವರು ಬದುಕುಳಿಯೋದೂ ಕಣ್ಣೆದುರೇ ಕಾಣುತ್ತಿತ್ತು. ಮುಂಬೈ ಪ್ರಾಂತ್ಯದಲ್ಲಿ ಸೂಜಿ ಹಾಕಿಸಿಕೊಂಡವರಿಗೆ ಸರ್ಟಿಫಿಕೇಟು ಕೊಡುತ್ತಿದ್ದರು. ಅದನ್ನು ತೋರಿಸಿದರೆ ಪ್ಲೇಗ್ ನಿರ್ಬಂಧಗಳಲ್ಲಿ ಕೆಲವಕ್ಕೆ ವಿನಾಯಿತಿ ಸಿಗುತ್ತಿತ್ತು. ಮಾಲ್ ಬಾಗಿಲಲ್ಲಿ ನಾವು ಮೊಬೈಲ್ ಎತ್ತಿ ತೋರಿಸಿದ ಸರ್ಟಿಫಿಕೇಟಿನ ಮುತ್ತಜ್ಜ ಇದೇ.

ಆದರೆ ಈ ಕಥೆಗೆ ಇನ್ನೊಂದು ಮುಖ ಇದೆ. 1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ಅದೇ ಲಸಿಕೆ ಪಡೆದವರಲ್ಲಿ 19 ಜನ ಧನುರ್ವಾಯುವಿನಿಂದ ಸತ್ತರು. ಹತ್ತೊಂಬತ್ತು ಜನಕ್ಕೂ ಲಸಿಕೆ ಹೋಗಿದ್ದು ಒಂದೇ ಬಾಟಲಿಯಿಂದ. ಹಾಫ್‌ಕಿನ್‌ನ ಪ್ರಯೋಗಾಲಯದ ಮೇಲೆ ತಪ್ಪು ಹೊರಿಸಿ ಅವನನ್ನು ಅಮಾನತು ಮಾಡಿದರು. ಕೊನೆಗೆ ತಿಳಿದದ್ದು, ಬಾಟಲಿ ತೆರೆಯಲು ಬಳಸಿದ ಇಕ್ಕಳ ಹಳ್ಳಿಯಲ್ಲಿ ನೆಲಕ್ಕೆ ಬಿದ್ದಿತ್ತು, ಅದನ್ನು ಸರಿಯಾಗಿ ಶುದ್ಧ ಮಾಡದೆ ಬಳಸಿದ್ದರು ಅಂತ. ರೊನಾಲ್ಡ್ ರಾಸ್‌ನಂಥ ವಿಜ್ಞಾನಿಗಳು ದನಿ ಎತ್ತಿದ ಮೇಲೆ 1907ರಲ್ಲಿ ಹಾಫ್‌ಕಿನ್ ಮೇಲಿನ ಕಳಂಕ ಹೋಯಿತು. ಸತ್ತ ಹತ್ತೊಂಬತ್ತು ಜನರ ಮನೆಯವರ ಮನಸ್ಸಲ್ಲಿ ಏನುಳಿಯಿತೋ, ಅದನ್ನು ಯಾವ ವರದಿಯೂ ಸರಿ ಮಾಡಲಾರದು.

ಲಸಿಕೆ ಒಳ್ಳೆಯದಾಗಿದ್ದರೆ ಸಾಲದು ಅಂತ ಮುಲ್ಕೋವಾಲ್ ಕಲಿಸಿತು. ಕೊನೆಯ ಮೈಲಿಯಲ್ಲಿ, ಕೊನೆಯ ಕೈಯಲ್ಲಿ ಅದು ಸುರಕ್ಷಿತವಾಗಿರಬೇಕು. ಇವತ್ತು ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಸ್ಟರ್ ಒಮ್ಮೆ ಬಳಸಿದರೆ ಲಾಕ್ ಆಗುವ ಸಿರಿಂಜ್ ಬಿಚ್ಚಿದಾಗ, ಬಾಟಲಿ ತೆರೆದ ಹೊತ್ತು ಬರೆದಿಟ್ಟಾಗ, "ಅರ್ಧ ತಾಸು ಕೂತು ಹೋಗ್ರಿ" ಅಂದಾಗ, ಆ ಹಳೇ ಪಾಠವನ್ನೇ ಪಾಲಿಸುತ್ತಿರುತ್ತಾರೆ.

* * *

ಪ್ಲೇಗ್ ಇಳಿಯಿತು, ದೊಡ್ಡವರಿಗೆ ಸೂಜಿ ಹಾಕುವ ಗಡಿಬಿಡಿಯೂ ಇಳಿಯಿತು. ಬೆಳಗಾವಿಯಲ್ಲಿ ಒಂದು ಕಾಲಕ್ಕೆ ಸಿಡುಬಿನ ಲಸಿಕೆ ತಯಾರಿಸುತ್ತಿದ್ದ ಜಾಗವನ್ನು ಜನ ಇವತ್ತಿಗೂ ವ್ಯಾಕ್ಸಿನ್ ಡಿಪೋ ಅಂತಲೇ ಕರೀತಾರೆ. 1975ರಲ್ಲಿ ದೇಶದ ಕೊನೆಯ ಸಿಡುಬು ಪ್ರಕರಣ ದಾಖಲಾಯಿತು. 1978ರಲ್ಲಿ ವಿಸ್ತೃತ ಲಸಿಕಾ ಕಾರ್ಯಕ್ರಮ, 1985ರಲ್ಲಿ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ, 1995ರಲ್ಲಿ ಪಲ್ಸ್ ಪೋಲಿಯೊ. ಎಲ್ಲವೂ ಮಕ್ಕಳಿಗೆ ಮತ್ತು ಬಸುರಿಯರಿಗೆ. ತಾಯಿ ಕಾರ್ಡು, ಅಂಗನವಾಡಿಯ ಪಟ್ಟಿ, ಆಶಾ ಕಾರ್ಯಕರ್ತೆಯ ಡೈರಿ, ಪೋಲಿಯೊ ಹಾಕಿದ ಮನೆಯ ಬಾಗಿಲಿಗೆ ಸೀಮೆಸುಣ್ಣದ ಗುರುತು. ಓಣಿಯಲ್ಲಿ ಯಾವ ಮನೆಯಲ್ಲಿ ಕೂಸು ಹುಟ್ಟಿದೆ, ಅದಕ್ಕೆ ಯಾವ ಡೋಸ್ ಬಾಕಿ ಅಂತ ವ್ಯವಸ್ಥೆಗೆ ಗೊತ್ತಿತ್ತು. 2014ರ ಮಾರ್ಚ್‌ನಲ್ಲಿ ಭಾರತ ಪೋಲಿಯೊಮುಕ್ತ ಅನ್ನಿಸಿಕೊಂಡದ್ದು ಈ ಪಟ್ಟಿಗಳ ಬಲದಿಂದಲೇ.

ಅದೇ ಓಣಿಯಲ್ಲಿ ಎಪ್ಪತ್ತೈದು ದಾಟಿದವರು ಎಷ್ಟು ಮಂದಿ, ಯಾರಿಗೆ ಬಿಪಿ, ಯಾರು ರಕ್ತ ತೆಳುವಾಗೋ ಮಾತ್ರೆ ತಗೋತಾರೆ, ಯಾರು ಮಂಚ ಬಿಟ್ಟು ಏಳೋಕೆ ಆಗಲ್ಲ? ಲಸಿಕೆ ವ್ಯವಸ್ಥೆಯ ಬಳಿ ಇದಕ್ಕೆ ಇಂಥ ಕಾರ್ಡು ಇರಲಿಲ್ಲ.

* * *

ಈಗ ಪಾಮನಕಲ್ಲೂರಿಗೆ ಬರೋಣ. ಅಶೋಕನ ಹೆಸರಿರುವ ಶಿಲಾಶಾಸನದಿಂದ ನೀವು ಶಾಲೆಯಲ್ಲಿ ಓದಿದ ಮಸ್ಕಿ ಇದೆಯಲ್ಲ, ಅದರ ಸೀಮೆಯ ಊರು ಇದು. ಮೊದಲು ಲಿಂಗಸುಗೂರು, ಸಿಂಧನೂರು ಕಡೆಗಳಿಗೆ ಸೇರಿದ್ದ ಹಳ್ಳಿಗಳು ಈಗ ಹೊಸ ಮಸ್ಕಿ ತಾಲ್ಲೂಕಿನಲ್ಲಿವೆ. ಸಿಂಧನೂರಿನ ಕಡೆ ತುಂಗಭದ್ರಾ ಕಾಲುವೆ, ಭತ್ತ. ಇತ್ತ ಬಹುಪಾಲು ಮಳೆ ನಂಬಿದ ಜೋಳ, ಸಜ್ಜೆ, ತೊಗರಿಯ ಹೊಲ. ಮಳೆ ಕೈಕೊಟ್ಟರೆ ಗುಳೆ. ಬೆಂಗಳೂರಿನಲ್ಲಿ ನಿಮ್ಮ ಅಪಾರ್ಟ್‌ಮೆಂಟಿಗೆ ಕಾಂಕ್ರೀಟ್ ಹಾಕಿದವರಲ್ಲಿ ಈ ಸೀಮೆಯವರು ಖಂಡಿತ ಇದ್ದಾರೆ, ಅದರೊಳಗೆ ಕೂತು ಲ್ಯಾಪ್‌ಟಾಪ್ ಕುಟ್ಟುವವರಲ್ಲೂ ಇದ್ದಾರೆ. ಊರಲ್ಲಿ ಉಳಿದವರು ಮುದುಕರು.

2021ರ ಏಪ್ರಿಲ್ 1ಕ್ಕೆ 45 ದಾಟಿದ ಎಲ್ಲರಿಗೂ ಲಸಿಕೆ ತೆರೆಯಿತು. ಏಪ್ರಿಲ್ 11ರಿಂದ 14ರವರೆಗೆ ದೇಶವೆಲ್ಲ ಲಸಿಕಾ ಉತ್ಸವ. ಅದೇ ಹೊತ್ತಿಗೆ ಮಸ್ಕಿ ವಿಧಾನಸಭಾ ಕ್ಷೇತ್ರದಲ್ಲಿ ಉಪಚುನಾವಣೆ ಇತ್ತು. ಮತದಾನ ಏಪ್ರಿಲ್ 17, ಎಣಿಕೆ ಮೇ 2. ಎರಡನೇ ಅಲೆ ಏರುತ್ತಿದ್ದಾಗಲೇ ರಾಜ್ಯದ ನಾಯಕರ ದಂಡು ಇಲ್ಲಿ ಹಳ್ಳಿ ಹಳ್ಳಿ ಸುತ್ತಿತು.

ಇಲ್ಲಿ ಒಂದು ಸಂಗತಿ ಗಮನಿಸಿ. 80 ದಾಟಿದ ಮತದಾರರು ಬಯಸಿದರೆ ಮನೆಯಿಂದಲೇ ಅಂಚೆ ಮತ ಹಾಕುವ ವ್ಯವಸ್ಥೆಯನ್ನು ಚುನಾವಣಾ ಆಯೋಗ 2020ರ ಬಿಹಾರ ಚುನಾವಣೆಯಲ್ಲೇ ಮಾಡಿ ತೋರಿಸಿತ್ತು. ಮತದಾರರ ಪಟ್ಟಿಯಲ್ಲಿ ಪ್ರತಿಯೊಬ್ಬರ ವಯಸ್ಸೂ ಇರುತ್ತೆ, ಮನೆಯ ವಿವರವೂ ಇರುತ್ತೆ. ಅಂದರೆ ಮುದುಕರು ಎಲ್ಲಿದ್ದಾರೆ ಅಂತ ಸರ್ಕಾರದ ಒಂದು ಕೈಗೆ ಚೆನ್ನಾಗಿ ಗೊತ್ತಿತ್ತು, ಅವರ ಬಾಗಿಲಿಗೆ ಹೋಗೋದೂ ಗೊತ್ತಿತ್ತು. ಲಸಿಕೆಯ ಕೈಗೆ ಅದು ಸಿಗೋಕೆ ತಿಂಗಳುಗಳೇ ಬೇಕಾದವು. ವೃದ್ಧರಿಗೂ ಅಂಗವಿಕಲರಿಗೂ ಮನೆ ಹತ್ತಿರದ ಸಮುದಾಯ ಭವನ, ಪಂಚಾಯಿತಿ ಕಟ್ಟಡ, ಶಾಲೆಗಳಲ್ಲಿ ಲಸಿಕೆ ಹಾಕಬಹುದು ಅನ್ನೋ ಮಾರ್ಗಸೂಚಿ ಕೇಂದ್ರದಿಂದ ಬಂದದ್ದು ಮೇ 27ಕ್ಕೆ. ಅಷ್ಟರಲ್ಲಿ ಎರಡನೇ ಅಲೆಯ ತುದಿ ದಾಟಿಹೋಗಿತ್ತು. ಮನೆಯಿಂದ ಹೊರಬರಲಾಗದವರಿಗೆ ಮನೆಯಲ್ಲೇ ಲಸಿಕೆ ಅಂತ ಕೇಂದ್ರ ಹೇಳಿದ್ದು ಸೆಪ್ಟೆಂಬರ್ ಕೊನೆಯಲ್ಲಿ. ಮನೆ ಮನೆ ಬಾಗಿಲು ಬಡಿಯುವ ಅಭಿಯಾನ ಶುರುವಾದದ್ದು ನವೆಂಬರ್‌ನಲ್ಲಿ.

ಈ ನಡುವೆ ಆ್ಯಪ್ ಬಂತು. ಕೋವಿನ್‌ನಲ್ಲಿ ಒಂದು ಮೊಬೈಲ್ ನಂಬರಿಗೆ ನಾಲ್ಕು ಜನರನ್ನು ಸೇರಿಸಬಹುದಿತ್ತು. ಹಾಗಾಗಿ ಎಷ್ಟೋ ಮನೆಗಳಲ್ಲಿ ಅಪ್ಪ, ಅವ್ವ, ಮುತ್ಯಾ ಎಲ್ಲರೂ ಬೆಂಗಳೂರಿನಲ್ಲಿದ್ದ ಮಗನ ನಂಬರಿನೊಳಗೆ ಸೇರಿಕೊಂಡರು. ಮೇ 8ರಿಂದ, ಆನ್‌ಲೈನ್ ಬುಕ್ ಮಾಡಿದವರು ಕೇಂದ್ರದಲ್ಲಿ ನಾಲ್ಕಂಕಿಯ ಗುಟ್ಟಿನ ಕೋಡ್ ಹೇಳಬೇಕು ಅಂತಾಯಿತು. ಮುತ್ಯಾ ಸಾಲಲ್ಲಿ, ಕೋಡು ಮಗನ ಮೊಬೈಲಲ್ಲಿ, ಮಗ ಮೀಟಿಂಗಲ್ಲಿ. ಓದೋಕೆ ನಗು ಬರುತ್ತೆ. ನಲವತ್ತು ಡಿಗ್ರಿ ಬಿಸಿಲಿನ ರಾಯಚೂರು ಸೀಮೆಯಲ್ಲಿ ಎಪ್ಪತ್ತೆಂಟರ ಮನುಷ್ಯ ಸಾಲಲ್ಲಿ ನಿಂತದ್ದನ್ನು ನೆನೆಸಿಕೊಂಡರೆ ನಗು ನಿಲ್ಲುತ್ತೆ.

ಡೋಸುಗಳ ನಡುವಿನ ಅಂತರವೂ ಬದಲಾಗುತ್ತಾ ಹೋಯಿತು. ಕೋವಿಶೀಲ್ಡ್‌ಗೆ ಮೊದಲು 4ರಿಂದ 6 ವಾರ ಅಂದರು. ಮಾರ್ಚ್ 22ಕ್ಕೆ 6ರಿಂದ 8, ಮೇ 13ಕ್ಕೆ 12ರಿಂದ 16 ವಾರ. ಇದಕ್ಕೆ ವೈಜ್ಞಾನಿಕ ಆಧಾರ ಇತ್ತು, ಅಂತರ ಹೆಚ್ಚಿದಾಗ ರೋಗನಿರೋಧಕ ಶಕ್ತಿ ಚೆನ್ನಾಗಿ ಬಂದದ್ದು ಬ್ರಿಟನ್ನಿನ ಮಾಹಿತಿಯಲ್ಲಿ ಕಂಡಿತ್ತು. ಆದರೆ ಏಪ್ರಿಲ್‌ನಲ್ಲಿ ಮೊದಲ ಸೂಜಿ ಹಾಕಿಸಿಕೊಂಡು, ಮೇ ಕೊನೆಗೆ ಬಾಡಿಗೆ ಟಂಟಂ ಮಾಡಿಕೊಂಡು ಬಂದ ಮುದುಕಿಗೆ "ಇನ್ನೂ ಒಂದೂವರೆ ತಿಂಗಳು ಬಿಟ್ಟು ಬಾ ಅವ್ವ" ಅಂದರೆ ಅವಳಿಗೆ ಏನು ಅರ್ಥ ಆಗಬೇಕು? ಮದ್ದು ಇಲ್ಲ ಅಂತಲೋ, ಮದ್ದಿನಲ್ಲೇ ಏನೋ ಐಬಿದೆ ಅಂತಲೋ ತಿಳಿದಿರುತ್ತಾಳೆ.

ನಮ್ಮ ಪಾಲೂ ಇದರಲ್ಲಿ ಇದೆ. ಮೇ 1ಕ್ಕೆ 18 ದಾಟಿದವರಿಗೆ ಲಸಿಕೆ ತೆರೆದಾಗ ದಾಸ್ತಾನು ಸಾಲದಾಯಿತು. ಬೆಂಗಳೂರಿನಲ್ಲಿ ಸ್ಲಾಟ್ ಸಿಗದ ಯುವಕರು ಅಕ್ಕಪಕ್ಕದ ಜಿಲ್ಲೆಗಳ ಹಳ್ಳಿ ಆಸ್ಪತ್ರೆಗಳಲ್ಲಿ ಬುಕ್ ಮಾಡಿ, ಕಾರು ಹತ್ತಿ ಹೋಗಿ ಹಾಕಿಸಿಕೊಂಡು ಬಂದರು. ನಿಯಮದ ಪ್ರಕಾರ ಅದು ತಪ್ಪಲ್ಲ. ಆದರೆ ಅಪಾಯ ಯಾರಿಗೆ ಹೆಚ್ಚೋ ಅವರಿಗೆ ಮೊದಲು ಅನ್ನೋ ಮಾರ್ಚ್‌ನ ತತ್ವ ಮೇ ತಿಂಗಳಲ್ಲಿ ವೇಗದ ಇಂಟರ್ನೆಟ್ ಇದ್ದವರಿಗೆ ಮೊದಲು ಅಂತಾಗಿಬಿಟ್ಟಿತ್ತು. ಕರ್ನಾಟಕ ಸರ್ಕಾರ ಮೇ 14ರಿಂದ 18–44ರವರ ಲಸಿಕೆಯನ್ನು ಕೆಲಕಾಲ ನಿಲ್ಲಿಸಿ, ಎರಡನೇ ಡೋಸ್ ಬಾಕಿ ಇದ್ದ ಹಿರಿಯರ ಕಡೆ ತಿರುಗಬೇಕಾಯಿತು.

* * *

ಇಷ್ಟೆಲ್ಲ ದಾಟಿ ಲಸಿಕೆ ಓಣಿಗೆ ಬಂದಾಗ ಮುದುಕರು ಏನಂದರು? ಈ ಸೀಮೆಯಲ್ಲಿ ಎಲ್ಲರ ಬಾಯಲ್ಲೂ ಇದ್ದ ಮಾತು ಸುಮಾರು ಹೀಗೆ: "ನನಗ್ಯಾಕೋ ತಮ್ಮ, ನಾ ಇನ್ನ ಎಷ್ಟ್ ದಿನ ಇರ್ತೀನಿ, ನೀವು ಸಣ್ಣೋರು ಹಾಕಿಸ್ಕೊಳ್ರಿ." ಇದನ್ನು ನಾವು ಹೆದರಿಕೆ ಅಂದುಕೊಂಡೆವು, ಮೊಂಡುತನ ಅಂದುಕೊಂಡೆವು. ಲಸಿಕೆ ಮಕ್ಕಳದು, ನಮ್ಮ ಕೆಲಸ ಅವರನ್ನು ಹಿಡಿದುಕೊಳ್ಳೋದು ಅನ್ನೋ ಇನ್ನೂರು ವರ್ಷದ ಅಭ್ಯಾಸ ಈ ಮಾತಿನೊಳಗೆ ಇದೆ. ಲಕ್ಷ್ಮಮ್ಮಣ್ಣಿ ನಿಂತಿದ್ದ ಜಾಗದಲ್ಲೇ ನಮ್ಮ ಅವ್ವಂದಿರೂ ನಿಂತಿದ್ದರು.

ಇನ್ನೊಂದು ಮಾತು ಇದಕ್ಕಿಂತ ಮುಖ್ಯ: "ರಾತ್ರಿ ಜ್ವರ ಬಂದ್ರ ಯಾರು ನೋಡ್ತಾರ?" ಇದಕ್ಕೆ ನಾವು ವಾಟ್ಸ್ಯಾಪಿನಲ್ಲಿ ಕಳಿಸಿದ್ದು ಲೇಖನಗಳ ಲಿಂಕು. ಅವರು ಕೇಳಿದ್ದು ಮನುಷ್ಯರನ್ನು. ಒಬ್ಬಳೇ ಇರುವ ಮುದುಕಿಗೆ ಸೂಜಿಯ ಮಾರನೇ ದಿನದ ಮೈಕೈ ನೋವು, ಚಳಿಜ್ವರ ಸಣ್ಣ ವಿಷಯ ಅಲ್ಲ. ಎದ್ದು ಬಚ್ಚಲಿಗೆ ಹೋಗುವಾಗ ಬಿದ್ದರೆ ಅಲ್ಲಿಗೆ ಮುಗೀತು. ಹಿರಿಯರಿಗೆ ಸುರಕ್ಷಿತವಾಗಿ ಲಸಿಕೆ ಹಾಕಿಸೋದು ಅಂದರೆ ಆ ಒಂದು ರಾತ್ರಿಯ ವ್ಯವಸ್ಥೆಯೂ ಸೇರಿದಂತೆ. ಆ ಪ್ರಶ್ನೆಗೆ ಉತ್ತರ ಸಿಕ್ಕ ಮನೆಯಲ್ಲಿ ತೋಳು ಚಾಚೋದು ಸುಲಭ ಆಗುತ್ತೆ. ತಂಗಿ ಬಂದು ಎರಡು ದಿನ ಉಳಿದರೆ ಆಯ್ತು, ಪಕ್ಕದ ಮನೆ ಸೊಸೆ ಬಂದು ಮಲಗಿದರೆ ಆಯ್ತು.

ಇದು ನಮ್ಮ ಹಳ್ಳಿಗಳ ಕಥೆ ಮಾತ್ರ ಅಲ್ಲ. ಹಾಂಗ್‌ಕಾಂಗ್‌ನಲ್ಲಿ ಲಸಿಕೆ ಬೇಕಾದಷ್ಟಿತ್ತು, ಆಸ್ಪತ್ರೆಗಳೂ ಇದ್ದವು. ಆದರೆ ಊರಲ್ಲಿ ಸೋಂಕು ಕಡಿಮೆ ಇದ್ದ ಕಾಲದಲ್ಲಿ, ವಯಸ್ಸಾದವರು, ಶುಗರ್-ಬಿಪಿ ಇರುವವರು, ಸ್ವಲ್ಪ ಕಾಯೋಣ ಅಂತ ಎಷ್ಟೋ ಮನೆಯವರು ತಡೆದರು. 2022ರ ಆರಂಭದಲ್ಲಿ ಓಮಿಕ್ರಾನ್ ನುಗ್ಗಿದಾಗ 80 ದಾಟಿದವರಲ್ಲಿ ಹೆಚ್ಚಿನವರಿಗೆ ಎರಡು ಡೋಸ್ ಆಗಿರಲಿಲ್ಲ. ಕೆಲವು ವಾರ ಆ ಶ್ರೀಮಂತ ನಗರದ ಸಾವಿನ ಪ್ರಮಾಣ ಜಗತ್ತಿನಲ್ಲೇ ಅತಿ ಹೆಚ್ಚಿನವುಗಳಲ್ಲಿ ಒಂದಾಗಿತ್ತು. ಸತ್ತವರಲ್ಲಿ ಬಹುಪಾಲು ಮುದುಕರೇ. ಪ್ರೀತಿಯಿಂದ ತಡೆದವರೂ ಅಲ್ಲಿದ್ದರು ಅನ್ನೋದು ಮರೆಯಬಾರದ ಸಂಗತಿ. ಕಾಯಿಲೆ ಇದೆ ಅನ್ನೋದು ಲಸಿಕೆ ಬೇಗ ಹಾಕಿಸೋಕೆ ಕಾರಣ ಆಗಬೇಕಿತ್ತು, ಅದೇ ಮುಂದೂಡೋಕೆ ನೆಪ ಆಯಿತು.

* * *

2021ರ ಅಕ್ಟೋಬರ್ 21ಕ್ಕೆ ದೇಶ 100 ಕೋಟಿ ಡೋಸ್ ದಾಟಿತು. 2022ರ ಜನವರಿ 10ರಿಂದ 60 ದಾಟಿ ಬೇರೆ ಕಾಯಿಲೆ ಇರುವವರಿಗೆ ಮುನ್ನೆಚ್ಚರಿಕೆ ಡೋಸ್ ಶುರುವಾಯಿತು. ಬೆಳಗಾವಿ, ಬೆಂಗಳೂರಿನ ದೊಡ್ಡ ದಾಸ್ತಾನುಗಳಿಂದ ಹೊರಟ ಬಾಟಲಿ ಜಿಲ್ಲೆ ದಾಟಿ, ತಾಲ್ಲೂಕು ದಾಟಿ, ಐಸ್ ತುಂಬಿದ ನೀಲಿ ಡಬ್ಬದಲ್ಲಿ ಸಿಸ್ಟರ್ ಹೆಗಲೇರಿ ಓಣಿಗೆ ಬಂತು. 2ರಿಂದ 8 ಡಿಗ್ರಿಯೊಳಗೆ ಇಡಬೇಕು, ತೆರೆದರೆ ನಾಲ್ಕು ತಾಸಿನೊಳಗೆ ಮುಗಿಸಬೇಕು, ಹತ್ತು ಡೋಸಿನ ಬಾಟಲಿಗೆ ಹತ್ತು ಜನ ಸೇರಬೇಕು. ಕೂಸುಗಳಿಗಾಗಿ ಕಟ್ಟಿದ ದಾರಿಯಲ್ಲೇ, ಅದೇ ಹೆಣ್ಣುಮಕ್ಕಳ ಕಾಲಿನ ಬಲದಲ್ಲೇ, ತಡವಾಗಿಯಾದರೂ ಲಸಿಕೆ ಮುದುಕರನ್ನು ತಲುಪಿತು. ಆ್ಯಪಿಗೆ ಗೊತ್ತಿಲ್ಲದ ಮನೆ ಆಶಾಗೆ ಗೊತ್ತಿತ್ತು.

ಆದರೆ ಪಟ್ಟಿ ಇನ್ನೂ ಆಗಿಲ್ಲ. ಫ್ಲೂ, ನ್ಯುಮೋನಿಯಾ ಲಸಿಕೆಗಳು ಹಿರಿಯರಿಗೆ ಉಪಯೋಗ ಅಂತ ವೈದ್ಯರು ಹೇಳ್ತಾರೆ. ಆದರೂ ಹಳ್ಳಿಯ ಅಜ್ಜಿಯನ್ನು ಕರೆದು ಅದನ್ನು ಹಾಕುವ ವಾಡಿಕೆ ಬೆಳೆದಿಲ್ಲ. ಮುಂದಿನ ಸಾಂಕ್ರಾಮಿಕ ಬಂದಾಗ ಮತ್ತೆ ಮೊದಲಿಂದ ಹುಡುಕಬೇಕಾಗುತ್ತೆ.

ಸರ್ಕಾರ ಪಟ್ಟಿ ಮಾಡೋವರೆಗೆ ನಾವು ನಮ್ಮ ಮನೆಯ ಪಟ್ಟಿ ಮಾಡಿಡಬಹುದು. ಮುಂದಿನ ಸಲ ಊರಿಗೆ ಹೋದಾಗ ಅರ್ಧ ತಾಸಿನ ಕೆಲಸ ಇದು. ಅಪ್ಪ-ಅವ್ವ ತಗೊಳ್ಳೋ ಮಾತ್ರೆಗಳ ಚೀಟಿಯ ಫೋಟೊ ತೆಗೆದು, ಒಂದು ಪ್ರತಿ ಅವರ ಹತ್ತಿರವೂ ಇಡಿ. ರಕ್ತ ತೆಳುವಾಗೋ ಮಾತ್ರೆ ಇದ್ದರೆ ಸೂಜಿಗೆ ಮೊದಲು ಹೇಳಲೇಬೇಕು. ಹಿಂದೆ ಯಾವುದಾದರೂ ಇಂಜೆಕ್ಷನ್ನಿಗೆ ಮೈಯೆಲ್ಲ ದದ್ದು, ಉಸಿರಾಟದ ತೊಂದರೆ ಆಗಿತ್ತಾ ಕೇಳಿ ಬರೆದಿಡಿ. ಅವರ ಓಣಿಯ ಆಶಾ ಯಾರು ಅಂತ ತಿಳಿದುಕೊಂಡು, ಮನೆಗೆ ಹೋಗಿ ಮಾತಾಡಿಸಿ, ನಂಬರ್ ತಗೊಳ್ಳಿ. ಒಟಿಪಿ ಬರುವ ಫೋನು ಊರಲ್ಲೇ ಯಾರದಾದರೂ ಇರಲಿ. ಕೊನೆಗೆ, ಜ್ವರ ಬಂದ ರಾತ್ರಿ ಬಂದು ಮಲಗೋರು ಯಾರು ಅಂತ ಈಗಲೇ ಗೊತ್ತು ಮಾಡಿಕೊಳ್ಳಿ. ಯಾರೂ ಇಲ್ಲ ಅಂದರೆ, ಎರಡು ದಿನ ರಜೆ ನಿಮ್ಮದೇ.